ಮಾತು ಕಲಿಸಿದ ಕೈ, ಪೆಟ್ಟು ಕೊಟ್ಟ ಕೈ: ಐವಾರ್ ಲೋವಾಸ್

ಆಟಿಸಂ ಇರುವ ಮಗುವಿನ ತಂದೆತಾಯಿಗೆ ಎಬಿಎ ಎಂಬ ಮೂರಕ್ಷರದ ಪರಿಚಯ ಬಹುಬೇಗ ಆಗಿಬಿಡುತ್ತದೆ. ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬ ಉದ್ದನೆಯ ಹೆಸರಿನ ಸಂಕ್ಷಿಪ್ತ ರೂಪವದು. ಬೆಂಗಳೂರಿನ ಚಿಕಿತ್ಸಾ ಕೇಂದ್ರಗಳ ನಾಮಫಲಕಗಳ ಮೇಲೂ ಅದು ಕಾಣಸಿಗುತ್ತದೆ. ಮಗುವಿನ ಎದುರು ಕುರ್ಚಿ ಎಳೆದುಕೊಂಡು ಕುಳಿತ ಶಿಕ್ಷಕಿ, ಎರಡೇ ಪದಗಳ ಸೂಚನೆ, ಮಗು ಹೇಳಿದಂತೆ ಮಾಡಿದ ಮರುಕ್ಷಣವೇ ಒಂದು ತುಣುಕು ತಿನಿಸು ಅಥವಾ ಮೆಚ್ಚುಗೆ, ಪಕ್ಕದ ಹಾಳೆಯಲ್ಲಿ ಸರಿ ತಪ್ಪುಗಳ ಗುರುತು. ಜಗತ್ತಿನ ಅನೇಕ ವಿಶೇಷ ಶಾಲೆಗಳಲ್ಲಿ ದಿನನಿತ್ಯ ಕಾಣುವ ಈ ದೃಶ್ಯವನ್ನು ರೂಪಿಸಿದವರಲ್ಲಿ ಮೊದಲಿಗರ ಸಾಲಿಗೆ ಸೇರುವವರು ಓಲೆ ಐವಾರ್ ಲೋವಾಸ್. ಅವರು ತೀರಿಕೊಂಡು ಒಂದೂವರೆ ದಶಕ ಕಳೆದಿದೆ. ಅವರನ್ನು ಕೊಂಡಾಡುವವರೂ ಶಪಿಸುವವರೂ ಇಂದಿಗೂ ಇದ್ದಾರೆ. ಇಬ್ಬರಿಗೂ ಕಾರಣಗಳಿವೆ.

ಲೋವಾಸ್ ಹುಟ್ಟಿದ್ದು 1927ರ ಮೇ 8ರಂದು, ನಾರ್ವೆಯ ಲಿಯರ್ ಎಂಬಲ್ಲಿ. ಸುತ್ತ ತೋಟಗದ್ದೆಗಳಿರುವ ಊರು. ಬಾಲಕ 13ನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ, 1940ರ ಏಪ್ರಿಲ್‌ನಲ್ಲಿ, ಜರ್ಮನಿಯ ನಾಜಿ ಸೇನೆ ನಾರ್ವೆಯನ್ನು ಆಕ್ರಮಿಸಿತು. ಮುಂದಿನ ಐದು ವರ್ಷಗಳನ್ನು ಆ ಕುಟುಂಬ ಪರರ ಆಳ್ವಿಕೆಯಲ್ಲಿ, ಹೊಲಗಳಲ್ಲಿ ದುಡಿಯುತ್ತಾ ಕಳೆಯಬೇಕಾಯಿತು. ಸಾಮಾನ್ಯ ಮನುಷ್ಯರು ಅಷ್ಟೊಂದು ಕ್ರೂರಿಗಳಾಗುವುದು ಹೇಗೆ, ಅವರನ್ನು ಹಾಗೆ ಮಾಡುವುದು ಹುಟ್ಟುಗುಣವೋ ಪರಿಸರವೋ ಎಂಬ ಪ್ರಶ್ನೆ ತಮ್ಮನ್ನು ಮನಶ್ಶಾಸ್ತ್ರದತ್ತ ತಳ್ಳಿತೆಂದು ಲೋವಾಸ್ ನಂತರದ ದಿನಗಳಲ್ಲಿ ಹೇಳಿಕೊಂಡಿದ್ದಾರೆ. ಪರಿಸರ ಮನುಷ್ಯನನ್ನು ಕೆಡಿಸಬಲ್ಲದಾದರೆ ತಿದ್ದಲೂ ಬಲ್ಲದು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಆ ನಂಬಿಕೆಯ ಬೆಳಕೂ ನೆರಳೂ ಅವರ ಬದುಕಿನುದ್ದಕ್ಕೂ ಬಿದ್ದಿವೆ.

ಯುದ್ಧ ಮುಗಿದ ಕೆಲ ವರ್ಷಗಳಲ್ಲೇ ಅವರು ಅಮೆರಿಕದ ಹಾದಿ ಹಿಡಿದರು. ಅದಕ್ಕೆ ನೆರವಾದದ್ದು ಪಿಟೀಲು! ಐಯೋವಾ ರಾಜ್ಯದ ಲೂಥರ್ ಕಾಲೇಜು ಸಂಗೀತದ ವಿದ್ಯಾರ್ಥಿವೇತನ ನೀಡಿತು. 1951ರಲ್ಲಿ ಪದವಿ ಪಡೆದು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ 1958ರಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಅಲ್ಲಿ ಸಿಡ್ನಿ ಬಿಜೂ ಮತ್ತು ಡೊನಾಲ್ಡ್ ಬೇರ್ ಅವರ ಪ್ರಭಾವಕ್ಕೆ ಒಳಗಾದರು. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಬಿ.ಎಫ್. ಸ್ಕಿನ್ನರ್, ಅವರ ಪಾರಿವಾಳಗಳು, ಪುನರ್ಬಲನ ಎಂಬ ಪಾರಿಭಾಷಿಕ ಪದ ನೆನಪಿದ್ದರೆ ಸಾಕು, ಬಿಜೂ ಮತ್ತು ಬೇರ್ ಏನು ಮಾಡುತ್ತಿದ್ದರೆಂಬುದು ಅರ್ಥವಾಗುತ್ತದೆ. ಪಾರಿವಾಳದ ಪೆಟ್ಟಿಗೆಯಲ್ಲಿ ಕಂಡ ನಿಯಮಗಳನ್ನು ಅವರು ಮಕ್ಕಳ ಕಲಿಕೆಗೆ ಅನ್ವಯಿಸುತ್ತಿದ್ದರು. 1961ರಲ್ಲಿ ಲೋವಾಸ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ವೃತ್ತಿಜೀವನದ ಉಳಿದ ಭಾಗವೆಲ್ಲ ಅಲ್ಲಿಯೇ ಕಳೆಯಿತು.

ಆ ಕಾಲದ ಆಟಿಸಂ ಎಂದರೆ ಏನೆಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಕಷ್ಟ. ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದ್ದು 1943ರಲ್ಲಿ. ಅನಂತರದ ಎರಡು ದಶಕ ದೋಷವೆಲ್ಲ ತಾಯಿಯ ತಲೆಗೆ ಬಿತ್ತು. ತಾಯಿಯ ಎದೆಯಲ್ಲಿ ಪ್ರೀತಿ ಹೆಪ್ಪುಗಟ್ಟಿದ್ದರಿಂದಲೇ ಮಗು ತನ್ನೊಳಗೆ ಮುದುಡಿಕೊಂಡಿತು ಎಂಬ ವಾದಕ್ಕೆ ವಿದ್ವತ್ತಿನ ಮುದ್ರೆಯಿತ್ತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಈ ವಾದದ ಮೇಲೊಂದು ಪುಸ್ತಕವನ್ನೇ ಬರೆದು ಹೆಸರು ಮಾಡಿದರು. ಮಗುವನ್ನು ಮನೆಯಿಂದ ಬೇರ್ಪಡಿಸುವುದೇ ಚಿಕಿತ್ಸೆ ಎನಿಸಿಕೊಂಡಿತ್ತು. ಮಾತು ಬಾರದ, ತನ್ನನ್ನೇ ತಾನು ಕಚ್ಚಿಕೊಳ್ಳುವ, ಗೋಡೆಗೆ ತಲೆ ಚಚ್ಚಿಕೊಳ್ಳುವ ಮಕ್ಕಳು ಸರ್ಕಾರಿ ಆಸ್ಪತ್ರೆಗಳ ಹಿಂಬದಿಯ ಕೋಣೆಗಳಲ್ಲಿ ಕೈಕಾಲು ಕಟ್ಟಿಸಿಕೊಂಡು ಬೆಳೆಯುತ್ತಿದ್ದರು. ಶಾಲೆಯ ಬಾಗಿಲು ಅವರ ಪಾಲಿಗೆ ಇರಲಿಲ್ಲ. ಶಿಕ್ಷಕರಿಗೆ ಅವರ ಬಗ್ಗೆ ತರಬೇತಿಯೂ ಇರಲಿಲ್ಲ.

ಪ್ರೀತಿಯೇ ತಿರುಗಿಬಿದ್ದಾಗ

ವಿಶ್ವವಿದ್ಯಾಲಯದ ಮನೋವೈದ್ಯಕೀಯ ಸಂಸ್ಥೆಯಲ್ಲಿ ಲೋವಾಸ್ ಕೈಗೆತ್ತಿಕೊಂಡದ್ದು ಇಂಥ ಮಕ್ಕಳನ್ನೇ. ಮೊದಮೊದಲಿಗೆ ಬಂದವರಲ್ಲಿ ತನ್ನ ತಲೆಯನ್ನು ಚಚ್ಚಿಕೊಳ್ಳುವ ಒಬ್ಬ ಬಾಲಕಿಯಿದ್ದಳು. ಆಕೆ ಚಚ್ಚಿಕೊಂಡಾಗಲೆಲ್ಲ ಸುತ್ತಲಿನವರು ಓಡಿಬಂದು ಸಂತೈಸುತ್ತಿದ್ದರು, ಅವಳ ತಪ್ಪಿಲ್ಲವೆಂದು ಮೆಲುದನಿಯಲ್ಲಿ ಹೇಳುತ್ತಿದ್ದರು. ಲೋವಾಸ್ ಲೆಕ್ಕವಿಟ್ಟು ನೋಡಿದರು. ಸಂತೈಸಿದಷ್ಟೂ ಚಚ್ಚಿಕೊಳ್ಳುವುದು ಹೆಚ್ಚುತ್ತಿತ್ತು! ಸಂಗೀತಕ್ಕೆ ತಾಳ ಹಾಕುವಂಥ ಬೇರೆ ಕೆಲಸಕ್ಕೆ ಮೆಚ್ಚುಗೆ ಕೊಟ್ಟಾಗ ಅದು ಕಡಿಮೆಯಾಗುತ್ತಿತ್ತು. ಮಗುವಿನ ವರ್ತನೆ ಹುಚ್ಚಿನ ಹೊರಚೆಲ್ಲಾಟವಲ್ಲ, ಅದಕ್ಕೊಂದು ಫಲ ಸಿಗುತ್ತಿದೆ, ಫಲವನ್ನು ಬದಲಿಸಿದರೆ ವರ್ತನೆ ಬದಲಾಗುತ್ತದೆ ಎಂಬ ಈ ಶೋಧ 1965ರಲ್ಲಿ ಪ್ರಕಟವಾಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಉಪಚಾರವೂ ತಪ್ಪು ಗಳಿಗೆಯಲ್ಲಿ ಹಾನಿ ಮಾಡಬಲ್ಲದೆಂದು ದಾದಿಯರಿಗೆ, ಶಿಕ್ಷಕರಿಗೆ ತೋರಿಸಿಕೊಟ್ಟ ಪಾಠವದು. ಇಂದಿಗೂ ವಿಶೇಷ ಶಿಕ್ಷಕರ ತರಬೇತಿಯಲ್ಲಿ ವರ್ತನೆಯ ಹಿಂದುಮುಂದಿನ ಘಟನೆಗಳನ್ನು ಬರೆದಿಡಿ ಎಂದು ಮೊದಲಿಗೆ ಹೇಳಿಕೊಡುವುದು ಈ ಕಾರಣಕ್ಕೆ.

ಅದೇ ಬಾಲಕಿಯೊಂದಿಗೆ ಮತ್ತೊಂದು ಘಟನೆಯೂ ನಡೆಯಿತು. ಒಮ್ಮೆ ಆಕೆ ಚಚ್ಚಿಕೊಳ್ಳತೊಡಗಿದಾಗ ಲೋವಾಸ್ ಯೋಚಿಸದೆ, ತಮ್ಮ ಸ್ವಂತ ಮಕ್ಕಳಿಗೆ ಕೊಡುವಂತೆ, ಹಿಂಬದಿಗೊಂದು ಏಟು ಕೊಟ್ಟರು. ಬಾಲಕಿ ಥಟ್ಟನೆ ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಶುರು ಮಾಡಿದಳು. ಮತ್ತೆ ಏಟು ಬಿತ್ತು. ಈ ಘಟನೆಯನ್ನು ಲೋವಾಸ್ ಮುಂದೆ ಸಂದರ್ಶನವೊಂದರಲ್ಲಿ ತಾವೇ ವಿವರಿಸಿದ್ದಾರೆ. ಮಗುವಿನ ಅಪಾಯ ತಪ್ಪಿಸಲು ಹೊಡೆದ ಏಟು ಅಲ್ಲಿಗೇ ನಿಂತಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಅದು ನಿಲ್ಲಲಿಲ್ಲ, ಪದ್ಧತಿಯ ಭಾಗವಾಯಿತು. 1965ರಲ್ಲಿಯೇ ಅವರೂ ಅವರ ಸಂಗಡಿಗರೂ ಐದು ವರ್ಷದ ಅವಳಿ ಬಾಲಕರ ಮೇಲೆ ವಿದ್ಯುತ್ ಆಘಾತ ಪ್ರಯೋಗಿಸಿದ ವರದಿ ಪ್ರಕಟಿಸಿದರು. ನೆಲಕ್ಕೆ ಹಾಸಿದ ಪಟ್ಟಿಗಳಲ್ಲಿ ವಿದ್ಯುತ್ ಹರಿಯುತ್ತಿತ್ತು, ಮಗು ದೊಡ್ಡವರ ಬಳಿ ಬಂದರೆ ಅದು ನಿಲ್ಲುತ್ತಿತ್ತು. ಮನುಷ್ಯರ ಬಳಿ ಬರುವುದನ್ನು ಕಲಿಸಲು ಆರಿಸಿಕೊಂಡ ಹಾದಿ ಇದು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಲೈಫ್ ಪತ್ರಿಕೆ ಲೋವಾಸ್ ಅವರ ಕೆಲಸವನ್ನು ದೊಡ್ಡ ದೊಡ್ಡ ಛಾಯಾಚಿತ್ರಗಳೊಂದಿಗೆ ಮುದ್ರಿಸಿತು. ಅಳುವ ಮಗು, ಅರಚುವ ಶಿಕ್ಷಕ, ಕೆನ್ನೆಗೆ ಬೀಸಿದ ಕೈ, ಅದೇ ಕೈಯಿಂದ ಬಾಚಿ ತಬ್ಬಿದ ಅಪ್ಪುಗೆ ಎಲ್ಲವೂ ಅದರಲ್ಲಿದ್ದವು. ಆಟಿಸಂ ಮಕ್ಕಳಿಗೂ ಕಲಿಸಬಹುದೆಂಬ ಸುದ್ದಿ ಮನೆಮನೆಗೆ ತಲುಪಿದ್ದು ಹಾಗೆ.

ಏಟಿನ ಮಾತು ಹಾಗಿರಲಿ, ಮಾತು ಕಲಿಸಿದ ಬಗೆಯೇ ಲೋವಾಸ್ ಅವರಿಗೆ ವಿದ್ವತ್ ಲೋಕದಲ್ಲಿ ಸ್ಥಾನ ತಂದದ್ದು. 1966ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಅದರ ವಿವರಗಳಿವೆ. ಮಾತೇ ಇಲ್ಲದ ಮಗು ಯಾವುದೇ ಸದ್ದು ಹೊರಡಿಸಿದರೂ ಮೊದಲ ಹಂತದಲ್ಲಿ ಒಂದು ತುತ್ತು ಸಿಗುತ್ತಿತ್ತು. ಎರಡನೆಯ ಹಂತದಲ್ಲಿ, ಶಿಕ್ಷಕರು ಸದ್ದು ಮಾಡಿದ ಕೆಲವೇ ಸೆಕೆಂಡುಗಳೊಳಗೆ ಮಗುವಿನ ಸದ್ದು ಬರಬೇಕು. ಮೂರನೆಯ ಹಂತದಲ್ಲಿ ಶಿಕ್ಷಕರ ಸದ್ದನ್ನೇ ಹೋಲಬೇಕು. ತುಟಿ ಕೂಡಿಸಿ ಹೇಳುವ ಅಕ್ಷರಗಳನ್ನು ಮೊದಲು ಆರಿಸಿಕೊಂಡರು. ಮಗುವಿನ ತುಟಿಯನ್ನು ಕೈಯಿಂದ ಕೂಡಿಸಿ ಬಿಡುವ ಮೂಲಕ ಆಸರೆ ನೀಡಬಹುದು ಎಂಬುದೇ ಕಾರಣ. ಆಸರೆಯನ್ನು ದಿನೇ ದಿನೇ ಸಡಿಲಿಸುತ್ತಾ ಹೋದರು. ಮೊದಲ ಅಕ್ಷರಗಳಿಗೆ ದಿನಗಟ್ಟಲೆ ಹಿಡಿಯಿತು. ಬಳಿಕ ಪದಗಳು ಬೇಗಬೇಗ ಬಂದವು. ಕಲಿಯಲಾರದ ಮಗು ಎಂದು ಬರೆದಿಟ್ಟ ಮಕ್ಕಳು ಕಲಿತರು. ಇದರ ಬೆಲೆ ಎಷ್ಟೆಂಬುದು ಅಂದಿನ ತಾಯಂದಿರಿಗೆ ಮಾತ್ರ ಗೊತ್ತಿರಬೇಕು.

ಗೆಲುವಿನ ಬೆನ್ನಿಗೆ ಸೋಲು

ಆದರೆ ಲೋವಾಸ್ ತಮ್ಮ ಮಕ್ಕಳ ಹಿಂದೆಯೇ ಹೋಗಿ ನೋಡಿದರು. ಅವರ ವೃತ್ತಿಜೀವನದ ಅತ್ಯಂತ ಪ್ರಾಮಾಣಿಕ ಬರಹವೆಂದರೆ 1973ರ ವರದಿ ಎನ್ನಬಹುದು. 20 ಮಕ್ಕಳ ಚಿಕಿತ್ಸೆಯ ಫಲವನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಚಿಕಿತ್ಸೆಯ ನಂತರ ಸರ್ಕಾರಿ ಆಸ್ಪತ್ರೆಗೆ ಮರಳಿದ ಮಕ್ಕಳು ಕಲಿತದ್ದನ್ನೆಲ್ಲ ಕಳೆದುಕೊಂಡಿದ್ದರು. ಹಗಲಿರುಳು ದುಡಿದು ಕಟ್ಟಿದ ಮಾತುಗಳು ಕರಗಿಹೋಗಿದ್ದವು. ತಂದೆತಾಯಿಗೆ ಪದ್ಧತಿಯನ್ನು ಕಲಿಸಿಕೊಟ್ಟಿದ್ದ ಮನೆಗಳ ಮಕ್ಕಳು ಮಾತ್ರ ಕಲಿತದ್ದನ್ನು ಉಳಿಸಿಕೊಂಡಿದ್ದರು, ಕೆಲವರು ಇನ್ನಷ್ಟು ಮುಂದುವರಿದಿದ್ದರು. ಆಸ್ಪತ್ರೆಯ ಕೋಣೆಯಲ್ಲಿ ಪರಿಣತನೊಬ್ಬ ಕಲಿಸಿದರೆ ಸಾಲದು, ಮಗು ದಿನವಿಡೀ ಯಾರ ಜೊತೆ ಇರುತ್ತದೋ ಅವರಿಗೆ ಕಲಿಸುವುದೇ ಮುಖ್ಯ ಎಂಬ ಕಹಿಸತ್ಯ ಅವರಿಗೆ ಹೊಳೆದದ್ದು ಆಗ. ತಾಯಿಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿದ್ದ ಕಾಲದಲ್ಲಿ ಅವಳನ್ನು ಶಿಕ್ಷಕಿಯ ಸ್ಥಾನದಲ್ಲಿ ಕೂರಿಸಿದ್ದು ಸಣ್ಣ ಸಂಗತಿಯಲ್ಲ.

ತರಗತಿಯ ಪ್ರಶ್ನೆಯನ್ನು ಹಿಡಿದು ಮುಂದೆ ಹೋದವರು ಅವರ ಸಹೋದ್ಯೋಗಿ ರಾಬರ್ಟ್ ಕೋಗಲ್. ಒಬ್ಬ ಶಿಕ್ಷಕ, ಒಂದು ಮಗು ಎಂಬ ವ್ಯವಸ್ಥೆಯಲ್ಲಿ ಚೆನ್ನಾಗಿ ಕಲಿತ ಮಕ್ಕಳು ಪಕ್ಕದಲ್ಲಿ ಇನ್ನೊಂದು ಮಗು ಕುಳಿತರೂ ಸಾಕು, ಕಲಿತದ್ದನ್ನು ತೋರಿಸುತ್ತಿರಲಿಲ್ಲ. ಕೋಗಲ್ ಮತ್ತು ಆರ್ನಲ್ಡ್ ರಿಂಕೋವರ್ 1974ರಲ್ಲಿ ಗುಂಪನ್ನು ಹಂತಹಂತವಾಗಿ ಬೆಳೆಸುತ್ತಾ, ಎಂಟು ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬಲ್ಲಿಗೆ ತಂದು ನಿಲ್ಲಿಸಿದರು. ಮಕ್ಕಳು ಗಮನಿಸುವ ರೀತಿಯೂ ಶಿಕ್ಷಕರನ್ನು ಮೋಸಗೊಳಿಸುತ್ತಿತ್ತು. ಬೆಳಕು, ಸದ್ದು, ಸ್ಪರ್ಶ ಮೂರನ್ನೂ ಒಟ್ಟಿಗೆ ಕೊಟ್ಟಾಗ ಆಟಿಸಂ ಮಕ್ಕಳು ಬಹುಪಾಲು ಒಂದಕ್ಕಷ್ಟೇ ಪ್ರತಿಕ್ರಿಯಿಸುತ್ತಾರೆಂದು ಲೋವಾಸ್ ತಂಡ 1971ರಲ್ಲಿಯೇ ತೋರಿಸಿತ್ತು. ಅಂದರೆ, ಶಿಕ್ಷಕಿ ತಾನು ಪದ ಕಲಿಸಿದ್ದೇನೆ ಎಂದುಕೊಂಡಿರುತ್ತಾಳೆ, ಮಗು ಅವಳ ಕೈಯ ಚಲನೆಯನ್ನಷ್ಟೇ ಕಲಿತಿರುತ್ತದೆ! ಬೇರೊಬ್ಬ ಶಿಕ್ಷಕಿ ಬಂದೊಡನೆ ಪಾಠ ಮಾಯ.

ಹಾಗಾದರೆ ಶಿಕ್ಷಕರನ್ನು ತಯಾರು ಮಾಡುವುದು ಹೇಗೆ? 1977ರಲ್ಲಿ ಕೋಗಲ್, ಡೆನಿಸ್ ರೂಸೋ ಮತ್ತು ರಿಂಕೋವರ್ ಈ ಪ್ರಶ್ನೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರು. ಸೂಚನೆ ಸ್ಪಷ್ಟವಾಗಿದೆಯೇ, ಮಗು ಗಮನ ಕೊಟ್ಟ ಮೇಲೆ ನೀಡಲಾಯಿತೇ, ಆಸರೆ ಸರಿಯಾಗಿತ್ತೇ, ಹತ್ತಿರದ ಪ್ರಯತ್ನವನ್ನು ಮೆಚ್ಚಿ ಮುಂದಕ್ಕೆ ಒಯ್ದರೇ, ಫಲ ತಕ್ಷಣ ಸಿಕ್ಕಿತೇ, ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಇತ್ತೇ ಎಂದು ಮಗುವಿಗಲ್ಲ, ಶಿಕ್ಷಕರಿಗೆ ಅಂಕ ಕೊಟ್ಟರು. ಫಲಿತಾಂಶ ಖಡಾಖಂಡಿತವಾಗಿತ್ತು. ಶಿಕ್ಷಕರು ಈ ಕೌಶಲಗಳನ್ನು ಅರೆಬರೆಯಾಗಿ ಬಳಸಿದರೆ ಮಗು ಮುಂದುವರಿಯುತ್ತಿರಲಿಲ್ಲ. ಎತ್ತರದ ಮಟ್ಟ ಮುಟ್ಟಿದ ಮೇಲೆಯೇ ಮಗುವಿನ ಕಲಿಕೆ ಕಾಣಿಸಿಕೊಳ್ಳುತ್ತಿತ್ತು. ಹಾಗೆ ತರಬೇತಾದ ಶಿಕ್ಷಕರು ತಾವು ಹಿಂದೆ ಕಾಣದ ಮಗುವಿಗೂ ಕಲಿಸಬಲ್ಲವರಾಗಿದ್ದರು. ಮಗು ಕಲಿಯಲಿಲ್ಲವೆಂದರೆ ಮೊದಲು ಪಾಠ ನೋಡು ಎಂಬ ಈ ನಿಲುವು ಮೇಷ್ಟ್ರುಗಳಿಗೆ ಎಲ್ಲ ದೇಶದಲ್ಲೂ ಸ್ವಲ್ಪ ಇರುಸುಮುರುಸು ತರುವಂಥದು.

ಲೋವಾಸ್ ಸ್ವತಃ ತರಬೇತಿ ಕೊಡುತ್ತಿದ್ದ ಬಗೆಯೂ ಬೋಧನೆಗಿಂತ ಸಂಗೀತಪಾಠಕ್ಕೆ ಹತ್ತಿರ. 1970ರಲ್ಲಿ ಅವರು ಚಿಕ್ಕ ವಯಸ್ಸಿನ ಆಟಿಸಂ ಮಕ್ಕಳಿಗಾಗಿ ಹೊಸ ಯೋಜನೆ ಆರಂಭಿಸಿದರು. ಆಸ್ಪತ್ರೆಯನ್ನು ಬಿಟ್ಟು ಮಕ್ಕಳ ಮನೆಗೇ ಹೋಗಬೇಕು, ನಾಲ್ಕು ವರ್ಷ ತುಂಬುವ ಮೊದಲೇ ಶುರು ಮಾಡಬೇಕು ಎಂಬುದು ಹಿಂದಿನ ಸೋಲಿನ ಹಾದಿಯಲ್ಲಿ ಕಂಡುಕೊಂಡ ಮಾರ್ಗ. ಮನೆಗೆ ಹೋಗಿ ಕಲಿಸಿದವರು ಅವರ ತರಗತಿಯ ಪದವಿ ವಿದ್ಯಾರ್ಥಿಗಳು, ಇಪ್ಪತ್ತರ ಆಸುಪಾಸಿನ ಯುವಕ ಯುವತಿಯರು. ವಾರಕ್ಕೊಮ್ಮೆ ಎಲ್ಲರೂ ಸೇರಬೇಕು. ಒಬ್ಬೊಬ್ಬರೂ ಎಲ್ಲರ ಎದುರಿಗೆ ಮಗುವಿಗೆ ಪಾಠ ಹೇಳಬೇಕು, ಉಳಿದವರು ತಪ್ಪು ತೋರಿಸಬೇಕು, ಅಲ್ಲಿಯೇ ತಿದ್ದಿಕೊಂಡು ಮತ್ತೆ ಮಾಡಬೇಕು. ಇಂದು ಶಿಕ್ಷಕರ ತರಬೇತಿಯಲ್ಲಿ ಕೋಚಿಂಗ್ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಮೇಷ್ಟ್ರು ಬಿಸಿರಕ್ತದವರು, ಮುಲಾಜಿಲ್ಲದವರು, ಹುರಿದುಂಬಿಸುವವರು ಎಂಬುದು ಅವರ ಬಳಿ ಕಲಿತವರ ನೆನಪು. 1981ರಲ್ಲಿ ಅವರು ತಂದೆತಾಯಿಗೂ ಶಿಕ್ಷಕರಿಗೂ ಎಟುಕುವಂತೆ ಪಾಠಗಳನ್ನೆಲ್ಲ ಒಂದು ಕೈಪಿಡಿಯಾಗಿ ಹೊರತಂದರು. ಕುರ್ಚಿಯಲ್ಲಿ ಕೂರುವುದರಿಂದ ಆರಂಭವಾಗುವ ಆ ಪುಸ್ತಕ ಅನೇಕ ದೇಶಗಳ ತರಗತಿಗಳನ್ನು ತಲುಪಿತು.

47 ಶೇಕಡ

1987ರಲ್ಲಿ ಬಂದ ವರದಿ ಬಿರುಗಾಳಿ ಎಬ್ಬಿಸಿತು. 19 ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಪಾಠ ನಡೆದಿತ್ತು. ಅವರಲ್ಲಿ ಒಂಬತ್ತು ಮಕ್ಕಳು, ಅಂದರೆ ಶೇಕಡ 47ರಷ್ಟು, ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಮುಗಿಸಿ ಸರಾಸರಿ ಬುದ್ಧಿಮಟ್ಟ ಮುಟ್ಟಿದರು. ಕಡಿಮೆ ಪಾಠ ಸಿಕ್ಕಿದ ಅಥವಾ ಇಂಥ ಪಾಠ ಸಿಗದ 40 ಮಕ್ಕಳಲ್ಲಿ ಆ ಮಟ್ಟ ಮುಟ್ಟಿದ್ದು ಒಂದೇ ಮಗು. 1993ರ ಮರುಪರಿಶೀಲನೆಯಲ್ಲಿ ಆ ಒಂಬತ್ತರಲ್ಲಿ ಎಂಟು ಮಕ್ಕಳು ತಮ್ಮ ಸ್ಥಿತಿ ಉಳಿಸಿಕೊಂಡಿದ್ದರು. ಅದೇ ವರ್ಷ ಕ್ಯಾಥರೀನ್ ಮಾರಿಸ್ ಎಂಬ ಹೆಸರಿನಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳ ಕಥೆ ಬರೆದರು. ಲೋವಾಸ್ ಹೆಸರು ಆಟಿಸಂ ಕುಟುಂಬಗಳ ನಡುವೆ ಮಂತ್ರವಾಯಿತು.

ಅಮೆರಿಕದ ವಿಶೇಷ ಶಿಕ್ಷಣ ಕಾನೂನಿಗೆ 1990ರಲ್ಲಿ ಆಟಿಸಂ ಪ್ರತ್ಯೇಕ ವರ್ಗವಾಗಿ ಸೇರಿತ್ತು. ಹೀಗಾಗಿ ಈ 40 ಗಂಟೆಗಳ ಖರ್ಚನ್ನು ಶಾಲೆ ಕೊಡಬೇಕೆಂದು ಪೋಷಕರು ಕೋರ್ಟು ಮೆಟ್ಟಿಲೇರಿದರು. ಶಾಲೆಗಳಲ್ಲಿ ತರಬೇತಾದವರು ಇರಲಿಲ್ಲ. ವಾರಾಂತ್ಯದ ಕಮ್ಮಟವೊಂದನ್ನು ಮುಗಿಸಿ ಪರಿಣತರೆಂದು ಹೇಳಿಕೊಂಡವರೂ ಹುಟ್ಟಿಕೊಂಡರು. 1977ರ ಅಧ್ಯಯನದ ಎಚ್ಚರಿಕೆಯನ್ನು ಯಾರೂ ಓದಿದಂತೆ ತೋರಲಿಲ್ಲ.

ಅಂಕಿಅಂಶಗಳ ಮೇಲೂ ಪ್ರಶ್ನೆಗಳೆದ್ದವು. ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಕಲಿಸುವವರು ಲಭ್ಯರಿದ್ದಾರೆಯೇ ಎಂಬುದನ್ನು ನೋಡಿ ಗುಂಪು ಮಾಡಲಾಗಿತ್ತು. ಉತ್ತರ ಕೆರೊಲಿನಾದ ಎರಿಕ್ ಷೋಪ್ಲರ್ ಮತ್ತು ಸಂಗಡಿಗರು ಇಂಥ ಲೋಪಗಳನ್ನು ಎತ್ತಿ ತೋರಿಸಿದರು. ಲೋವಾಸ್ ಅವರ ಶಿಷ್ಯ ಟ್ರಿಸ್ಟ್ರಮ್ ಸ್ಮಿತ್ 2000ದಲ್ಲಿ, ಚೀಟಿ ಎತ್ತಿದಂತೆ ಹಂಚಿ ನಡೆಸಿದ ಅಧ್ಯಯನದಲ್ಲಿ ಪ್ರಯೋಜನ ಕಂಡಿತಾದರೂ ಅದು ಗುರುವಿನ ಲೆಕ್ಕಕ್ಕಿಂತ ಬಹಳ ಕಡಿಮೆಯಿತ್ತು. 1987ರ ಮಕ್ಕಳಿಗೂ ತೊಡೆಯ ಮೇಲೆ ಏಟು ಬಿದ್ದಿತ್ತೆಂಬುದು ವರದಿಯಲ್ಲೇ ಇದೆ. ಏಟಿಲ್ಲದೆ ಅದೇ ಫಲ ಬರುತ್ತಿತ್ತೇ? ಲೋವಾಸ್ ಕಡೆಗೆ ಶಿಕ್ಷೆಯನ್ನು ಕೈಬಿಟ್ಟರು.

ಅವರ ಹೆಸರಿಗೆ ಅಂಟಿದ ಇನ್ನೊಂದು ಕಲೆ ಆಟಿಸಂಗೆ ಸಂಬಂಧಿಸಿದ್ದಲ್ಲ. 1974ರಲ್ಲಿ ಜಾರ್ಜ್ ರೀಕರ್ಸ್ ಜೊತೆಗೂಡಿ ಅವರು ಪ್ರಕಟಿಸಿದ ಲೇಖನ, ಹುಡುಗಿಯರಂತೆ ಆಡುತ್ತಾನೆಂಬ ಕಾರಣಕ್ಕೆ ಐದರ ಆಸುಪಾಸಿನ ಬಾಲಕನೊಬ್ಬನನ್ನು ಬಹುಮಾನ, ಶಿಕ್ಷೆಗಳ ಮೂಲಕ ಬದಲಿಸಿದ್ದನ್ನು ವರ್ಣಿಸುತ್ತದೆ. ಅಂದು ಅದನ್ನು ಯಶಸ್ಸೆಂದೇ ಎಣಿಸಲಾಯಿತು. ಆ ಬಾಲಕ ದೊಡ್ಡವನಾಗಿ 2003ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಕುಟುಂಬದವರು ಆ ಚಿಕಿತ್ಸೆಯತ್ತ ಬೆರಳು ತೋರಿಸಿದರು. ಲೇಖನ ಪ್ರಕಟಿಸಿದ್ದ ಪತ್ರಿಕೆ 2020ರಲ್ಲಿ ಅದರ ಬಗ್ಗೆ ಅಧಿಕೃತವಾಗಿ ಕಳವಳ ವ್ಯಕ್ತಪಡಿಸಿತು. ಮಗುವನ್ನು ಬದಲಿಸುವ ವಿದ್ಯೆ ಕೈಗೆ ಬಂದ ಮೇಲೆ, ಯಾವುದನ್ನು ಬದಲಿಸಬೇಕು, ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಯನ್ನು ಲೋವಾಸ್ ಸಾಕಷ್ಟು ಗಟ್ಟಿಯಾಗಿ ಕೇಳಿಕೊಳ್ಳಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಆಟಿಸಂ ಇರುವ ವಯಸ್ಕರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಪೋಷಕರು ಲೋವಾಸ್ ಪದ್ಧತಿಯ ವೆಚ್ಚವನ್ನು ಸರ್ಕಾರ ಭರಿಸಬೇಕೆಂದು ಹೂಡಿದ ಮೊಕದ್ದಮೆ 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟನ್ನು ಮುಟ್ಟಿತು. ಸ್ವತಃ ಆಟಿಸಂ ಇರುವ ಮಿಶೆಲ್ ಡಾಸನ್ ಪ್ರಕರಣದಲ್ಲಿ ಮಧ್ಯಪ್ರವೇಶಿಸಿ, ಕೈಗಳನ್ನು ಅಲ್ಲಾಡಿಸುವುದನ್ನು, ಕಣ್ಣಿಗೆ ಕಣ್ಣು ಸೇರಿಸದಿರುವುದನ್ನು ರೋಗವೆಂದು ಅಳಿಸಿಹಾಕುವ ಹಕ್ಕು ಯಾರಿಗಿದೆ ಎಂದು ವಾದಿಸಿದರು. ಪೋಷಕರು ಆ ಮೊಕದ್ದಮೆಯಲ್ಲಿ ಸೋತರು. ಬಾಲ್ಯದಲ್ಲಿ ಇಂಥ ಪಾಠಗಳಿಗೆ ಒಳಗಾದ ಅನೇಕರು ಅದು ತಮಗೆ ಮಾತಿಗಿಂತ ಭಯವನ್ನೇ ಹೆಚ್ಚು ಕಲಿಸಿತೆಂದು ಮುಂದೆ ಹೇಳಿಕೊಂಡಿದ್ದಾರೆ. ಮಗುವಿಗೆ ಮಾತು ಬಂದದ್ದು ಈ ಪದ್ಧತಿಯಿಂದಲೇ ಎನ್ನುವ ಪೋಷಕರೂ ಅಷ್ಟೇ ಸಂಖ್ಯೆಯಲ್ಲಿ ಸಿಗುತ್ತಾರೆ.

ಲೋವಾಸ್ ಅವರ ಕಡೆಯ ವರ್ಷಗಳನ್ನು ಆಲ್ಝೈಮರ್ ಕಾಯಿಲೆ ಕಾಡಿತು. ಮಾತನ್ನು ಅಕ್ಷರ ಅಕ್ಷರವಾಗಿ ಕಟ್ಟಿದವರಿಗೆ ನೆನಪು ಬಿಡಿಬಿಡಿಯಾಗಿ ಕಳಚಿತು. ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳುತ್ತಿದ್ದಾಗ, 2010ರ ಆಗಸ್ಟ್ 2ರಂದು, ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 83 ವರ್ಷ.

ಅಷ್ಟು ಹೊತ್ತಿಗೆ ಕೋಗಲ್ ಬೇರೊಂದು ದಾರಿಯಲ್ಲಿ ಬಹುದೂರ ನಡೆದಿದ್ದರು. ಪತ್ನಿ ಲಿನ್ ಅವರೊಂದಿಗೆ ಅವರು ಬೆಳೆಸಿದ ಪದ್ಧತಿಯಲ್ಲಿ ಯಾವ ಆಟಿಕೆಯಿಂದ ಪಾಠ ಶುರುವಾಗಬೇಕೆಂಬುದನ್ನು ಆರಿಸುವುದು ಮಗು. ಕಾರು ಬೇಕೆಂದು ಪ್ರಯತ್ನಪಟ್ಟು ಸದ್ದು ಮಾಡಿದರೆ ಸಿಗುವುದು ಮಿಠಾಯಿಯಲ್ಲ, ಕಾರೇ. ಅಲ್ಲಿ ಶಿಕ್ಷಕಿ ಕುರ್ಚಿಯಿಂದಿಳಿದು ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾಳೆ. ಅವಳು ಹಾಗೆ ಮಾಡಿದ್ದು ಸರಿಯೇ ಎಂದು ಅಂಕ ಕೊಡುವ ಹಾಳೆ ಮಾತ್ರ ಅಲ್ಲೂ ಉಳಿದುಕೊಂಡಿದೆ.